ಚಿಗರಿ ಮಾಂಸದ ಗುರುತು

ಅಮೃತಪ್ಪ ನಮಗೆ ಕಲಿಸಿದವರು. ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಕಾಡಿನ ಕಾವಲಿಗೆ ಹೊಸದಾಗಿ ಸೇರಿದ ನಮ್ಮನ್ನು ಚಿಂಚೋಳಿಯಲ್ಲಿ ಅವರ ಕೈಗೆ ಒಪ್ಪಿಸಿದರು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ, ಬೆನ್ನಿಗೆ ಇಪ್ಪತ್ತಾರು ವರ್ಷದ ನೌಕರಿ. ಹೆಜ್ಜೆ ಗುರುತು, ತೋಟಾ, ಪಂಚನಾಮೆ ಎಲ್ಲವನ್ನೂ ಬೈದು ಬೈದು ತಲೆಗೆ ತುರುಕಿದರು. “ಕಂಡದ್ದ ಬರೀರಿ, ಬರ್ದದ್ದ ಹೇಳ್ರಿ,” ಎನ್ನುತ್ತಿದ್ದರು.

೧೯೫೩ರ ಬೇಸಿಗೆ, ಬೇಟೆ ಬಂದ್ ಇದ್ದ ತಿಂಗಳು. ಚಿತ್ತಾಪುರದ ಹೊರಗೆ ಒಂದು ಹೊಲದ ಬದಿ ಶಹಾಬಾದದ ಖಣಿ ಮಾಲೀಕನೊಬ್ಬನ ಜೀಪು ತಡೆದೆವು. ಒಳಗೆ ಬಂದೂಕು, ಬುಟ್ಟಿ ತುಂಬ ಮಾಂಸ. ತಲೆ, ತೊಗಲು, ಗೊರಸು ಏನೂ ಇಲ್ಲ. ಆಡಿನದು ಎಂದು ಆಸಾಮಿ ನಕ್ಕ. ಅಮೃತಪ್ಪ ಒಂದು ತುಂಡು ಎತ್ತಿ ಮೂಸಿ, “ಚಿಗರಿ” ಎಂದರು, ಅಂದರೆ ಜಿಂಕೆ. ಇಡೀ ಕೇಸು ನಿಂತದ್ದು ಆ ಒಂದು ಮಾತಿನ ಮೇಲೆ.

ಕೋರ್ಟಿನಲ್ಲಿ ಮಾಲೀಕನ ವಕೀಲ ನೇರ ಅಲ್ಲಿಗೇ ಕೈಹಾಕಿದ. “ಲಿಂಗಾಯತರಿದ್ದೀರಿ. ಚಿಗರಿ ಮಾಂಸ ಅಂತ ನಿಮಗ ಹ್ಯಾಂಗ ಗೊತ್ತಾಯ್ತು? ತಿಂದೀರೇನು?”

ಮುಂದಿನ ವಾರ ಅಮೃತಪ್ಪನವರ ಮಗಳು ಗುರುದೇವಿಯ ಮದುವೆ. ಗಂಡಿನ ಸೋದರಮಾವ ಅದೇ ಕೋರ್ಟಿನ ಗುಮಾಸ್ತ, ಎದುರಿಗೇ ಕೂತಿದ್ದ. ಇಲ್ಲವೆಂದರೆ ಕೇಸು ಬಿತ್ತು. ಹೌದೆಂದರೆ ಮಾಂಸ ತಿಂದವನ ಮನೆಯಿಂದ ಹೆಣ್ಣು ತರುವವರು ಯಾರು?

ಅಮೃತಪ್ಪ ಹಿಂದೆ ಕೂತ ನಮ್ಮ ಕಡೆ ನೋಡಿದರು. ಯಾಕಾದರೂ ನೋಡಿದರೋ!

“ಹೌದ್ರಿ. ನೌಕರಿಗೆ ಸೇರಿದಾಗ ನಮ್ಮ ದರೋಗಾ ಬಾಬುಮಿಯಾ ಆಡಿಂದು, ಚಿಗರಿದು ಎರಡೂ ಮೂಸಿಸಿ, ತಿನಿಸಿ ಫರಕ್ ಕಲಿಸಿದ್ರು. ಒಮ್ಮೆ ತಿಂದೀನಿ.”

ಕೇಸು ಗೆದ್ದೆವು. ಗೆದ್ದದ್ದು ಏನು ಮಣ್ಣು! ಆಸಾಮಿ ಅಲ್ಲೇ ದಂಡ ಕಟ್ಟಿ, ಬಂದೂಕು ವಾಪಸು ಪಡೆದು, ಜೀಪು ಹತ್ತಿ ಹೋದ. ಸಂಜೆಯೊಳಗೆ ಬೀಗರು ನಿಶ್ಚಯದ ಸೀರೆ ವಾಪಸು ಕೇಳಿ ಆಳು ಕಳಿಸಿದರು.

ಎಂಟು ದಿನಕ್ಕೆ ಅದೇ ಹೊಲದಲ್ಲಿ ಮತ್ತೆರಡು ಚಿಗರಿಯ ತಲೆ ಸಿಕ್ಕವು. ಪಕ್ಕದಲ್ಲೇ ಅದೇ ಜೀಪಿನ ಗಾಲಿಯ ಗುರುತು. ಅಮೃತಪ್ಪನವರ ಮನೆಗೆ ಹೋಗಿ ಹೇಳಿದೆ. ಗುರುದೇವಿ ಒಳಗಿನಿಂದ ಬಾಗಿಲಿಗೆ ಬಂದಳು.

“ಅಪ್ಪಾ, ನೀ ಇಲ್ಲ ಅಂದಿದ್ರ ಏನಾಗ್ತಿತ್ತು?”

“ಅಂವ ಮತ್ತ ಬೇಟೆ ಆಡ್ತಿದ್ನವ್ವ.”

“ಈಗೇನ ಮಾಡ್ಯಾನ?”