ಇಲಿಯಕ್ಕನ ಅರ್ಜಿ

ವಿಶ್ವವಿದ್ಯಾಲಯದ ಆಸ್ಪತ್ರೆಯ ಗೇಟಿನ ಎದುರು ನನ್ನದು ಜೆರಾಕ್ಸ್ ಅಂಗಡಿ. ಒಳಗೆ ಯಾವ ಹುದ್ದೆ ಖಾಲಿಯಾದರೂ ಡೀನ್‌ಗಿಂತ ಮೊದಲು ನನಗೆ ಗೊತ್ತು ಎಂದು ಕೊಚ್ಚಿಕೊಳ್ಳುತ್ತಿದ್ದವನು. ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಸರಕು ಏನೇ ಇರಲಿ, ಪೊಟ್ಟಣ ಚೆನ್ನಾಗಿದ್ದರೆ ಮಾರಾಟವಾಗುತ್ತದೆ ಎಂಬುದು ನನ್ನ ನಂಬಿಕೆ.

ಇಲಿಯಕ್ಕ ಒಳಗಿನ ಸಂಶೋಧನಾ ಕಟ್ಟಡದಲ್ಲಿ ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ಬಿಳಿ ಇಲಿಗಳನ್ನು ಸಾಕುವವಳು. ಹೆಸರು ಬೇರೆ ಇದೆ, ಕೇಳಿದವರಿಲ್ಲ. ಪೆಟ್ಟಿಗೆ ತೊಳೆದು, ಹೊಟ್ಟು ಹಾಸಿ, ಬಾಟಲಿಗೆ ನೀರು ತುಂಬುತ್ತಲೇ ಯಾವುದು ಬಸುರಿ, ಯಾವುದಕ್ಕೆ ಹುಷಾರಿಲ್ಲ ಎಂದು ಹೇಳಿಬಿಡುತ್ತಿದ್ದಳು. ಮೊಣಕೈವರೆಗೆ ಸೋಪು ಉಜ್ಜಿಕೊಂಡು ಹೊರಟರೂ ಬಸ್ಸಿನಲ್ಲಿ ಪಕ್ಕದವರು ಸರಿದು ಕೂರುತ್ತಿದ್ದರಂತೆ. "ನಂಗೇನೂ ವಾಸನೆ ಬರಲ್ಲಪ್ಪ, ನನ್ನ ಮೂಗು ಇಲಿಗಳ ಪಕ್ಷ ಸೇರಿಬಿಟ್ಟಿದೆ," ಎನ್ನುತ್ತಿದ್ದಳು.

ಈ ವರ್ಷ ಆಸ್ಪತ್ರೆಯಲ್ಲಿ ಸಹಾಯಕರ ಕಾಯಂ ಹುದ್ದೆ ಒಂದು ಇದೆಯೆಂದು ಪ್ರಕಟಣೆ ಬಂತು. ವಯೋಮಿತಿ ನಲವತ್ತೈದು, ಅವಳಿಗೆ ನಲವತ್ತನಾಲ್ಕು. ಇದು ತಪ್ಪಿದರೆ ಮತ್ತೊಂದಿಲ್ಲ.

"ಅಣ್ಣಾ, ಅನುಭವ ಅಂತಿರೋ ಕಡೆ ಇಲಿ ನೋಡ್ಕೊಳ್ಳೋದು ಅಂತ ಬರಿ."

"ಇಲಿ ಗಿಲಿ ಅಂದ್ರೆ ಮುಖ ಸಿಂಡರಿಸ್ತಾರೆ ಕಣಮ್ಮ. 'ವಾರ್ಡಿನಲ್ಲಿ ರೋಗಿಗಳ ಆರೈಕೆ' ಅಂತ ಹಾಕ್ತೀನಿ. ಎಷ್ಟು ಗೌರವವಾಗಿದೆ ನೋಡು."

"ಸುಳ್ಳಾಗಲ್ವಾ?"

"ಹುಷಾರಿಲ್ಲದ ಇಲಿನೂ ರೋಗಿನೇ ಅಲ್ವಾ?"

ಅವಳು ನಕ್ಕು ಸಹಿ ಹಾಕಿದಳು. ಇಲಿಯ ಕೆಲಸಕ್ಕೆ ನಾಚಿದ್ದು ಅವಳಲ್ಲ, ನಾನು. ಪ್ರಕಟಣೆಯ ಎರಡನೆಯ ಪುಟದ ನೂರಾರು ಪ್ರತಿ ತೆಗೆದಿದ್ದೆ, ಓದಿರಲಿಲ್ಲ.

ಸಂದರ್ಶನ ಮುಗಿಸಿಕೊಂಡು ನೇರ ಅಂಗಡಿಗೆ ಬಂದಳು.

"ಕೆಲಸ ನಮ್ಮ ಇಲಿಮನೆಗೇ ಅಂತೆ ಅಣ್ಣ. ಪ್ರಾಣಿ ನೋಡ್ಕೊಂಡವರೇ ಬೇಕಂತೆ, ಎರಡನೇ ಪುಟದಲ್ಲೇ ಇತ್ತಂತೆ."

"'ನಾನಿರೋದೇ ಅಲ್ಲಿ' ಅನ್ನಬೇಕಿತ್ತಲ್ಲ."

"ಹೆಂಗನ್ಲಿ? ಕೂತಿದ್ದವರು ಆಫೀಸಿನವರು, ಇಲಿಮನೆ ಮೆಟ್ಟಿಲು ಹತ್ತಿದವರಲ್ಲ. ಬಾಯಿಬಿಟ್ಟರೆ ಸುಳ್ಳಿಗೆ ಸಹಿ ಹಾಕಿದ್ದಾಳೆ ಅಂತ ಇರೋ ಕೆಲಸಾನೂ ಕಿತ್ಕೋತಾರೆ. ಸುಮ್ಮನೆ ಎದ್ದು ಬಂದೆ."

ಒಳಗೆ ಹೋಗಿ "ಹಾಗೆ ಬರೆದವನು ನಾನು" ಎನ್ನಲು ಐದು ನಿಮಿಷ ಸಾಕಿತ್ತು. ಆಫೀಸಿನವರ ಕೆಂಗಣ್ಣು ಬಿದ್ದರೆ ಅಂಗಡಿಯ ಗತಿಯೇನು ಎಂದು ಎರಡು ದಿನ ಮೀನಮೇಷ ಎಣಿಸಿದೆ. ಮೂರನೆಯ ದಿನ ಹೋದಾಗ ಗುಮಾಸ್ತರು ಆಯ್ಕೆ ಪಟ್ಟಿಯನ್ನು ಗೋಡೆಗೆ ಅಂಟಿಸುತ್ತಿದ್ದರು. ವಿಷಯ ಕೇಳಿ, "ನಿನ್ನೆ ಬಂದಿದ್ರೆ ಸಾಹೇಬರ ಕಿವಿಗೆ ಹಾಕಬಹುದಿತ್ತಲ್ರೀ," ಎಂದರು.

ಆಯ್ಕೆಯಾದವನಿಗೆ ಕುರಿ ಸಾಕಿದ ಅನುಭವವಂತೆ. ಇಲಿ ಕಂಡರೆ ಹಿಂದಕ್ಕೆ ಹಾರುತ್ತಾನೆ. ಅವನಿಗೆ ಹಿಡಿಯುವುದನ್ನು ಕಲಿಸುವ ಕೆಲಸ ಇಲಿಯಕ್ಕನಿಗೇ ಬಿದ್ದಿದೆ, ಗುತ್ತಿಗೆಯ ಮೇಲೆ.

ಮೊನ್ನೆ ಅವನ ಗುರುತಿನ ಚೀಟಿಯ ಪ್ರತಿ ಮಾಡಿಸಲು ಅವಳೇ ಬಂದಿದ್ದಳು. "ಬೇಜಾರು ಮಾಡ್ಕೋಬೇಡ ಅಣ್ಣ, ನೀನು ನನ್ನ ಒಳ್ಳೇದಕ್ಕೇ ಬರೆದೆ," ಎಂದಳು. ನಾನು ಯಂತ್ರದ ಮುಚ್ಚಳ ಎತ್ತಿ, ಸಿಕ್ಕಿಕೊಂಡೇ ಇರದ ಕಾಗದವನ್ನು ಬಿಡಿಸುವವನಂತೆ ನಿಂತೆ.