ಮಲ್ಪೆಯಿಂದ ಬಂದ ವೈರ್‌ಲೆಸ್

ಇವತ್ತು ಬೆಳಿಗ್ಗೆ ಹಾಲು ಉಕ್ಕುವುದನ್ನು ಕಾಯುತ್ತ ನಿಂತಿದ್ದಾಗ ಮಲ್ಪೆಯಿಂದ ಪಾರ್ಸೆಲ್ ಬಂತು. ಯಾವ ಊರಿನದೆಂದು ಓದಿ ನೋಡಬೇಕಾಗಿರಲಿಲ್ಲ. ಒಣಮೀನಿನ ವಾಸನೆ ಅದಕ್ಕಿಂತ ಮೊದಲೇ ಅಡುಗೆಮನೆಗೆ ಬಂದಿತ್ತು. ಚಾಮರಾಜಪೇಟೆಯ ನಮ್ಮದು ಲಿಂಗಾಯತರ ಮನೆ, ಮೊಟ್ಟೆಯೂ ಹೊಸ್ತಿಲು ದಾಟಿದ್ದಿಲ್ಲ. ಮೊದಮೊದಲು ಇಂಥ ಪೆಟ್ಟಿಗೆ ಬಂದ ದಿನ ಸಾಂಬ್ರಾಣಿ ಹಾಕಿಕೊಂಡು ಮನೆಯೆಲ್ಲ ಸುತ್ತುತ್ತಿದ್ದೆ. ಈಗ ಹಸುಗೂಸನ್ನು ತರುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ತರುತ್ತೇನೆ.

ನಮ್ಮ ಯಜಮಾನರು ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟುಕೊಂಡು ಮೀನುಗಾರಿಕೆ ಬೋಟುಗಳ ವೈರ್‌ಲೆಸ್ ರಿಪೇರಿ ಮಾಡುತ್ತಾರೆ. ಸಮುದ್ರದಿಂದ ಇಷ್ಟು ದೂರದಲ್ಲಿ ಇದೆಂಥ ಕಸುಬು ಎಂದು ನೀವು ಕೇಳಬಹುದು. ಮದುವೆಯಾದ ಹೊಸತರಲ್ಲಿ ನಾನೂ ಕೇಳಿದ್ದೆ. "ಕೆಟ್ಟಿದ್ದಕ್ಕೆ ಊರು ಯಾವ್ದಾದ್ರೇನು?" ಎಂದಿದ್ದರು.

ಮೂರು ವರ್ಷದ ಹಿಂದೆ ಒಂದು ಬೋಟಿನ ವೈರ್‌ಲೆಸ್ ಸೆಟ್ಟು ಮೂರು ಸಲ ರಿಪೇರಿಯಾಗಿ ಹೋಗಿ, ಮೂರು ಸಲವೂ ಕೈಕೊಟ್ಟಿತು. ನಮ್ಮ ಮೇಜಿನ ಮೇಲೆ ಅರಳು ಹುರಿದಂತೆ ಮಾತಾಡುತ್ತಿತ್ತು. ಸಮುದ್ರಕ್ಕೆ ಹೋದರೆ ಬರೀ ಬುಸುಬುಸು. ಬೋಟು ಎಲ್ಲಿದೆಯೆಂದು ದಡಕ್ಕೆ ತೋರಿಸುವ ಇನ್ನೊಂದು ಪೆಟ್ಟಿಗೆಯೂ ಅದರ ಜೊತೆಗೇ ಕಣ್ಣು ಮುಚ್ಚುತ್ತಿತ್ತು. ಇವರು ವೈರು ಬದಲಿಸಿದರು, ಆಂಟೆನಾ ಕಳಿಸಿದರು, ಬ್ಯಾಟರಿಯನ್ನು ಬೈದರು. ಮೂರನೇ ಸಲ ನಡುನೀರಿನಲ್ಲಿ ಎಂಜಿನ್ ನಿಂತು, ಏಳು ಜನ ಕರೆದದ್ದು ಯಾರಿಗೂ ಕೇಳಿಸದೆ, ಅದೃಷ್ಟಕ್ಕೆ ಎದುರಾದ ಇನ್ನೊಂದು ಬೋಟು ಅವರನ್ನು ಎಳೆದು ತಂದಿತ್ತು.

"ನಾನು ಸರಿ ಮಾಡಿದೀನಿ ಅಂತ ನಂಬ್ಕೊಂಡು ಹೋಗಿದ್ರು ಕಣೇ" ಎಂದರು. ತಟ್ಟೆಯ ಅನ್ನ ಕಲಸಿದ್ದು ಕಲಸಿದ ಹಾಗೇ ಇತ್ತು.

ಆಗಲೇ ಬೋಟಿನ ಯಜಮಾನರ ಫೋನು. ಬೋಟು ಕಟ್ಟುವ ದಕ್ಕೆಯಲ್ಲಿ, ಬೋಟಿನೊಳಗೇ ನಿಂತಿದ್ದರು. ನಾಳೆ ಮತ್ತೆ ಹೊರಡಬೇಕು, ಇಲ್ಲಿ ಕಟ್ಟಿಹಾಕಿದಾಗ ಸೆಟ್ಟು ಸರಿಯೇ ಇದೆ, ಏನು ಮಾಡುವುದು? ಇವರು ಫೋನನ್ನು ತಟ್ಟೆಯ ಪಕ್ಕ ಇಟ್ಟುಬಿಟ್ಟರು. ಫೋನು ನಾನು ತೆಗೆದುಕೊಂಡೆ.

ನನಗೆ ವೈರ್‌ಲೆಸ್ ಗೊತ್ತಿಲ್ಲ. ಕಾನ್ವೆಂಟಿನಲ್ಲಿ ಕಲಿತದ್ದು ಕಸೂತಿ, ದುಂಡು ಅಕ್ಷರ, ಮತ್ತು ಉತ್ತರಕ್ಕೆ ಮೊದಲು ಪ್ರಶ್ನೆಯನ್ನು ಪೂರ್ತಿ ಬರೆಯುವುದು. ಆ ಕೊನೆಯದನ್ನೇ ಮಾಡಿದೆ. "ನಮ್ಮಂಗಡೀಲಿ ಇಲ್ದೇ ಇರೋದು ನಿಮ್ಮ ಬೋಟಲ್ಲಿ ಏನೇನಿದೆ?"

"ಫ್ಯಾನು, ಮೊಬೈಲ್ ಚಾರ್ಜರು. ಅದೆಲ್ಲ ಬಂದ್ ಮಾಡಿ ನೋಡಿ ಆಯ್ತಲ್ಲ ಅಮ್ಮಾ."

"ದೇವರ ಪಟ ಇಲ್ವಾ?"

"ಅದಿಲ್ಲದೆ ಬೋಟು ಹೊರಡ್ತದಾ?"

"ದೀಪ?"

"ಎಣ್ಣೆದೀಪ ಬಿಟ್ಟು ಈಚೆಗೆ ಸೀರಿಯಲ್ ಲೈಟಿನ ಸರ ಕಟ್ಟಿದ್ದೇವೆ. ಹಗ್ಗ ಬಿಚ್ಚುವಾಗ ಹಾಕಿದ್ರೆ ವಾಪಸ್ ಬಂದು ಕಟ್ಟುವವರೆಗೆ ಆರಿಸುದಿಲ್ಲ."

ನಮ್ಮ ದೇವರ ಗೂಡಿನಲ್ಲೂ ಅಂಥದೇ ಒಂದು ಸರವಿದೆ. ಅದನ್ನು ಹಾಕಿದ ಕೂಡಲೇ ಅಡುಗೆಮನೆಯ ರೇಡಿಯೋದಲ್ಲಿ ವಾರ್ತೆ ಓದುವವರಿಗೆ ಗಂಟಲು ಕಟ್ಟುತ್ತದೆ. ಒಗ್ಗರಣೆ ಹಾಕುತ್ತ ವಾರ್ತೆ ಕೇಳುವ ನನಗೆ ಅದು ಗೊತ್ತು. ಆ ಹೊತ್ತಿಗೆ ಅಂಗಡಿಯಲ್ಲಿ ಕೂತಿರುವ ಇವರಿಗೆ ಗೊತ್ತಿಲ್ಲ.

"ಈಗ ಹಾಕಿ ನೋಡೋಣ" ಎಂದೆ. ಫೋನಿನಲ್ಲೇ ಬುಸುಬುಸು ಕೇಳಿಸಿತು. "ಈಗ ಆರಿಸಿ."

"ದೇವರ ದೀಪ ನನ್ನ ಕೈಯಾರೆ ಆರಿಸುದು ಹೇಗೆ ಮಾರಾಯ್ರೆ?"

"ತಪ್ಪು ನನಗಿರ್ಲಿ. ಆರಿಸಿ."

ಟಕ್ ಎಂದು ಸ್ವಿಚ್ಚಿನ ಸದ್ದಾಯಿತು, ಬುಸುಬುಸು ನಿಂತಿತು. ಆಮೇಲೆ ಇನ್ಯಾವುದೋ ಬೋಟಿನವನು ಐಸು ಬಂತಾ ಎಂದು ಸೆಟ್ಟಿನಲ್ಲಿ ಕೇಳುತ್ತಿದ್ದದ್ದು ಚಾಮರಾಜಪೇಟೆಯ ನನ್ನ ಕಿವಿಗೂ ಬಿಡಿಬಿಡಿಯಾಗಿ ಬಿತ್ತು. ಇನ್ನೊಂದು ಪೆಟ್ಟಿಗೆಯೂ ಕಣ್ಣು ಬಿಟ್ಟಿತಂತೆ.

ಇವರು ಫೋನು ಕಿತ್ತುಕೊಂಡರು. "ಆ ಸರ ತೆಗೆದ್ಬಿಡಿ. ದೇವರನ್ನ ಕತ್ತಲಲ್ಲಿ ಇಡೋದು ಬೇಡ, ಸ್ಕೂಟರಿನ ಹಳೇ ಥರದ ಬಲ್ಬ್ ಹಾಕಿ. ಅದು ಗಲಾಟೆ ಮಾಡಲ್ಲ."

ಮರುದಿನ ಹೊರಟವರು ದಡದೊಂದಿಗೆ ಮಾತಾಡುತ್ತಲೇ ಹೋಗಿ, ಮಾತಾಡುತ್ತಲೇ ಬಂದರು. ಇವರು ನನ್ನನ್ನು ಹೊಗಳಲಿಲ್ಲ. ಎರಡನೇ ಸಲ ಅನ್ನ ಹಾಕಿಸಿಕೊಂಡರು, ಅಷ್ಟೆ. ನಿಜ ಹೇಳುತ್ತೇನೆ, ಒಂದು ಮಾತಿಗಾಗಿ ಕಾಯುತ್ತ ನಾನು ಸಾರನ್ನು ಸುಮ್ಮನೆ ತಿರುವುತ್ತಲೇ ಇದ್ದೆ.

ಇವತ್ತು ಸಂಜೆ ಕರಿಬೇವಿಗೆಂದು ಬಂದ ಎದುರುಮನೆಯ ಗಿರಿಜಮ್ಮ, ಅಂಗಡಿಯ ಕಡೆ ಕಣ್ಣು ಹಾಯಿಸಿ ನಕ್ಕರು.

"ಅಲ್ಲಾ ರೀ, ಗಿರಾಕೀನ ಸಾಗಹಾಕೋಕೆ ಈ ಗಂಡಸ್ರು ಏನೇನು ನೆಪ ಹೇಳ್ತಾರೆ ನೋಡಿ. ನಿಮ್ಮೆಜಮಾನ್ರು ಫೋನಲ್ಲಿ ಯಾರಿಗೋ ಹೇಳ್ತಿದ್ರು, ವೈರ್‌ಲೆಸ್ ಯಾಕೆ ಕೆಡ್ತಿದೆ ಅಂತ ನಂಗಿನ್ನೂ ಗೊತ್ತಾಗ್ಲಿಲ್ಲ, ಒಂದ್ನಿಮಿಷ ಇರಿ, ಮನೇಲಿ ಕೇಳಿ ಹೇಳ್ತೀನಿ ಅಂತ."