ಗೋಡೆಗಳ ಮೇಲೆಲ್ಲ ಒಂದೇ ಕೋಟು

ಬೆಳಗಿನ ಐದು ಗಂಟೆಗೆ ಲಿಂಡಾಲ್ವ ಬೀದಿ ಬಾಗಿಲು ತೆರೆದಿಟ್ಟುಕೊಂಡು ಸತ್ತವರೊಬ್ಬರ ಗದ್ದ ಬರೆಯುತ್ತಿದ್ದಾಳೆ. ಈ ಹೊತ್ತಿಗೇ ಬರೆಯಬೇಕು. ಬಿಸಿಲೇರಿದರೆ ನಮ್ಮ ಜುವಾಝೇರು ಊರಿನಲ್ಲಿ ಅಂಗೈ ಬೆವರುತ್ತದೆ, ಬೆವರು ತಗುಲಿದ ಕಾಗದ ಪೆನ್ಸಿಲನ್ನು ಹಿಡಿಯುವುದಿಲ್ಲ. ಅಪ್ಪ ಎವೆರಾಲ್ದು ಹೊಸ್ತಿಲ ಮೇಲೆ ಕೂತು ಚರ್ಮ ಕೊಯ್ಯುವ ಚಾಕುವಿನಿಂದ ಪೆನ್ಸಿಲ್ ಹೆರೆಯುತ್ತಿದ್ದಾರೆ. ಮೆಂಡರಿನ ಹೆಸರೆತ್ತಿದರೆ ಅವರಿಗೆ ಸಿಟ್ಟು.

“ಮೆಂಡರಿಗೆ ಹಾಕಿದ್ರೆ ಮೂತಿ ಮೊಂಡು. ಇದು ನೋಡು, ಸೂಜಿ!”

“ಇಷ್ಟು ಚೂಪು ಬೇಡಪ್ಪ, ಕಾಗದ ತೂತಾಗುತ್ತೆ.”

“ಆಗ್ಲಿ ಬಿಡು, ಹೊಲಿದುಕೊಡ್ತೀನಿ.”

ಅವರು ಊರಿನ ದನಗಾಹಿಗಳಿಗೆ ಚರ್ಮದ ಅಂಗಿ, ಜೀನು ಹೊಲಿಯುವವರು. ಮಗಳು ಪೆನ್ಸಿಲ್ ಹಿಡಿದಾಗ ಅವರಿಗೆ ಅರ್ಥವಾದದ್ದು ಒಂದೇ: ಇದಕ್ಕೂ ಹರಿತ ಬೇಕು.

ಹಲಗೆಯ ಮೇಲಿರುವ ಮುಖ ಅದೆರ್ಬಾಲ್ ಅವರದು. ಜೀವನವಿಡೀ ದನ ಕಾಯ್ದವರು, ಹೋದ ವರ್ಷ ತೀರಿಕೊಂಡರು. ಇವತ್ತು ಅವರ ಹೆಂಡತಿ ದೋನ ಕ್ವಿತೇರಿಯ ಮನೆಯಲ್ಲಿ ಒಪ್ಪಿಸುವ ಸಂಜೆ. ವರ್ಷಕ್ಕೊಮ್ಮೆ ಪಡಸಾಲೆಯ ಯೇಸುವಿನ ಪಟದ ಮುಂದೆ ಬೀದಿಯೆಲ್ಲ ಸೇರಿ, ಮನೆಯನ್ನೂ ಮನೆಯವರನ್ನೂ ಮತ್ತೆ ದೇವರಿಗೆ ಒಪ್ಪಿಸುವುದು ನಮ್ಮಲ್ಲಿ ರೂಢಿ. ಪಟದ ಅಕ್ಕಪಕ್ಕ ಮನೆಯ ಹಿರಿಯರು ತೂಗಬೇಕು. ಇಲ್ಲಿಯ ತನಕ ಅಲ್ಲಿಗೆ ಏರಿದ್ದೆಲ್ಲ ಬಣ್ಣ ಹಚ್ಚಿದ ಫೋಟೊ, ನೀಲಿ ಹಿನ್ನೆಲೆ, ಗುಲಾಬಿ ಕೆನ್ನೆ. ಪೆನ್ಸಿಲ್ ಚಿತ್ರ ಒಂದೂ ಇಲ್ಲ. ಬಣ್ಣವಿಲ್ಲದ ಮುಖ ಶವಪೆಟ್ಟಿಗೆಗೆ ಎನ್ನುವ ಜನ ನಾವು.

ಬೀದಿಗೇ ಹಿರಿಯರಾದ ದೋನ ಕ್ವಿತೇರಿಯ ಗೋಡೆಗೆ ಬಂದದ್ದು ಬೀದಿಯ ಎಲ್ಲ ಗೋಡೆಗೂ ಬರುತ್ತದೆ. ಅಲ್ಲಿ ಬೇಡವಾದದ್ದು ಎಲ್ಲಿಯೂ ಬೇಡ. ಇವತ್ತು ಬೇಡವೆಂದರೆ ಲಿಂಡಾಲ್ವ ಪೆನ್ಸಿಲ್ ಎತ್ತಿಟ್ಟು ಸೋಮವಾರ ಬೆಳಿಗ್ಗೆ ಐದರ ಪಾಳಿಗೆ ಚಪ್ಪಲಿ ಕಾರ್ಖಾನೆಗೆ ಹೋಗುತ್ತಾಳೆ. ಹೆಸರು ಕೊಟ್ಟಾಗಿದೆ.

“ಅಪ್ಪ ಅಮ್ಮ ಹೋಗು ಅಂದಿಲ್ಲ,” ಎನ್ನುತ್ತಾಳೆ. “ಅದೇ ಕಷ್ಟ. ಮಂಚ ಹಿತ್ತಲ ಚಪ್ಪರಕ್ಕೆ ಸಾಗಿಸಿ ಈ ಕೋಣೆ ನನಗೆ ಬಿಟ್ಟುಕೊಟ್ರು. ಮಳೆ ಬಂದ್ರೆ ಅಮ್ಮನ ಕಾಲು ನೆನೆಯುತ್ತೆ. ಇನ್ನೆಷ್ಟು ಮಳೆಗಾಲ ನೆನೆಸಲಿ?”

ಅವಳಿಗೆ ಚಿತ್ರ ಕಲಿಸಿದವರು ಜೆನಿವಾಲ್ ಮೇಸ್ತ್ರಿ. ಈ ಊರಿನ ಗೋಡೆಗಳ ಮೇಲಿರುವ ಗುಲಾಬಿ ಕೆನ್ನೆಗಳಲ್ಲಿ ಬಹುಪಾಲು ಅವರ ಕುಂಚದವು. ಕಂಪ್ಯೂಟರ್ ಬಂದು ಅವರ ಅಂಗಡಿ ಮುಚ್ಚಿತು, ಅಷ್ಟರಲ್ಲಿ ಕಣ್ಣೂ ಮಂಜಾಗಿತ್ತು. ಅಂಗಡಿಯ ಮುಂದೆ ನಿಂತು ನೋಡುತ್ತಿದ್ದ ಹುಡುಗಿಯ ಕೈಗೆ ಅವರು ಬಣ್ಣ ಕೊಡಲಿಲ್ಲ. ಪೆನ್ಸಿಲ್ ಕೊಟ್ಟು, ಬರೀ ಕಿವಿ ಬರಿ ಎಂದರು.

“ಇಡೀ ಮಳೆಗಾಲ ಬೀದಿಯವರ ಕಿವಿ ಬರೆದೆ,” ಎಂದು ಲಿಂಡಾಲ್ವ ನಗುತ್ತಾಳೆ. “ನನ್ನ ಕಂಡ್ರೆ ಜನ ಟೋಪಿ ಕೆಳಗೆ ಎಳ್ಕೊಳ್ತಿದ್ರು.”

ಅಳಿಸಲು ಅವಳ ಬಳಿ ರಬ್ಬರಿಲ್ಲ, ನಿನ್ನೆಯ ಬ್ರೆಡ್ಡಿನ ತಿರುಳಿದೆ. ಉಂಡೆ ಮಾಡಿ ಒತ್ತಿದರೆ ಕಾಗದ ಕೆಡದೆ ಸೀಸ ಅಂಟಿಕೊಂಡು ಬರುತ್ತದೆ. ಅದನ್ನು ಬಿಡಿಸಿಡುವುದು ಅಮ್ಮ ಮಾರ್ಲೂಸಿಯ ಕೆಲಸ. ಸಂತೆಯಲ್ಲಿ ಮರಗೆಣಸಿನ ದೋಸೆ ಮಾರುವ ಅವರು ಈ ತಿರುಳಿಗೆ ಬೆಣ್ಣೆಯ ಕೈ ತಾಗಿಸುವುದಿಲ್ಲ. “ಒಂಚೂರು ಜಿಡ್ಡು ತಗುಲಿದ್ರೂ ಸತ್ತವರ ಮೂಗು ಹೊಳೆಯುತ್ತೆ,” ಎನ್ನುತ್ತಾರೆ.

ಗದ್ದ ಮುಗಿಯುವ ಹೊತ್ತಿಗೆ, ಬೇಕರಿಯಿಂದ ಮನೆಗೆ ಹೊರಟ ದೋನ ಕ್ವಿತೇರಿಯ ಬಾಗಿಲಲ್ಲಿ ನಿಲ್ಲುತ್ತಾರೆ. ಚಿತ್ರ ನೋಡುತ್ತಾರೆ. ಹತ್ತಿರ ಬಂದು ಮತ್ತೆ ನೋಡುತ್ತಾರೆ. ಆಮೇಲೆ ಶುರುವಾದ ನಗು ನಿಲ್ಲದೆ ಹೊಸ್ತಿಲ ಮೇಲೆ ಕೂತೇಬಿಡುತ್ತಾರೆ.

“ಮುಖ ನಮ್ಮೆಜಮಾನ್ರದೇ. ಕೋಟು ಬೆನೆದಿತೂದು!”

ಬೆನೆದಿತು ಊರಿನ ಹಳೆಯ ಫೋಟೊಗ್ರಾಫರ್. ಗುರುತಿನ ಚೀಟಿಯ ಫೋಟೊಗೆ ಬಂದವರಿಗೆಲ್ಲ ತೊಡಿಸಲು ಮೊಳೆಗೆ ಒಂದು ಕರಿ ಕೋಟು ನೇತುಹಾಕಿದ್ದ. ದಪ್ಪಗಿನವರಿಗೂ ಆಗಲೆಂದು ಬೆನ್ನು ಸೀಳಿಸಿದ್ದ. ಎಡಗಡೆಯ ಕಾಲರನ್ನು ಯಾವುದೋ ಮೇಕೆ ಕಚ್ಚಿತ್ತು. ನಮ್ಮ ಬೀದಿಯ ಗಂಡಸರಿಗೆ ಇರುವುದು ಆ ಒಂದೇ ಫೋಟೊ, ಮೇಸ್ತ್ರಿ ಬಣ್ಣ ಹಚ್ಚಿದ್ದೂ ಅದಕ್ಕೇ. ಲಿಂಡಾಲ್ವ ನಿಯತ್ತಿನಿಂದ ಮೇಕೆ ಕಚ್ಚಿದ್ದನ್ನೂ ಬರೆದಿದ್ದಾಳೆ.

“ಬೀದಿ ಗಂಡಸರೆಲ್ಲ ಸ್ವರ್ಗದಲ್ಲೂ ಒಂದೇ ಕೋಟಿಗೆ ಸರದಿ ನಿಂತಿದಾರೆ,” ಎಂದು ಕ್ವಿತೇರಿಯ ಕಣ್ಣೊರೆಸಿಕೊಳ್ಳುತ್ತಾರೆ. “ಬಣ್ಣದಲ್ಲಿದ್ದಾಗ ಹೆಂಗೋ ನಡೀತಿತ್ತು. ಮುಖ ಇಷ್ಟು ನಿಜ ಆದ್ಮೇಲೆ ಕೋಟು ಸುಳ್ಳು ಕಾಣುತ್ತೆ ಮಗಳೇ. ಬಿಚ್ಚು.”

“ಏನು ಹಾಕ್ಲಿ?”

“ಚರ್ಮದಂಗಿ. ದನದ ಹಿಂದೆ ಮುಳ್ಳಿಗೆ ನುಗ್ಗೋವಾಗ ಹಾಕ್ತಿದ್ರಲ್ಲ, ಅದು. ಸಂಜೆ ಪಟಾಕಿ ಹೊಡೆಯೋದ್ರೊಳಗೆ ತಾ. ಇಲ್ಲಾಂದ್ರೆ ಮೊಳೆ ಖಾಲಿ ಇರ್ಲಿ.”

ಬ್ರೆಡ್ಡಿನ ಉಂಡೆಗಳು ಕಪ್ಪಾಗುತ್ತವೆ, ಕೋಟು ಬೂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಹೋಗುವುದಿಲ್ಲ. ಕಾಲರಿನ ಗೆರೆಗಳನ್ನು ಗಟ್ಟಿ ಪೆನ್ಸಿಲಿನಿಂದ ಒತ್ತಿ ಎಳೆದಿದ್ದಳು. ಸೀಸ ಎದ್ದು ಬಂದರೂ ಕಾಗದದಲ್ಲಿ ಗೀರು ಉಳಿದಿದೆ. ಮೇಲೆ ಮೆದು ಪೆನ್ಸಿಲ್ ಸವರಿದರೆ ಗೀರು ಬೆಳ್ಳಗೆ ಎದ್ದು ಕೂರುತ್ತದೆ. ಬೇರೆ ಕಾಗದದಲ್ಲಿ ಮುಖವನ್ನು ಮತ್ತೆ ಬರೆಯಲು ಒಂದು ವಾರ ಬೇಕು.

“ಆ ದರಿದ್ರ ಕೋಟು ಇಲ್ಲೇ ಇದೆ ಅಪ್ಪ!” ಲಿಂಡಾಲ್ವ ಪೆನ್ಸಿಲ್ ಎಸೆಯುತ್ತಾಳೆ.

ಅಮ್ಮ ಓಡಿಹೋಗಿ ಮೇಸ್ತ್ರಿಯನ್ನು ಕೈಹಿಡಿದು ಕರೆತರುತ್ತಾರೆ. ಮೇಸ್ತ್ರಿ ಕಣ್ಣಿನ ಗೊಡವೆಗೆ ಹೋಗದೆ ಗೀರಿನ ಮೇಲೆ ಉಗುರಾಡಿಸುತ್ತಾರೆ. “ಹೋಗಲ್ಲ ಅನ್ನೋದನ್ನ ಯಾಕೆ ಓಡಿಸ್ತೀಯ? ಕೆಲಸಕ್ಕೆ ಹಚ್ಚು. ಕಪ್ಪು ಚರ್ಮದ ಮೇಲೆ ಬೆಳ್ಳಗೆ ಏನಿರುತ್ತೆ?”

ಅಪ್ಪ ಕೂಗಿಬಿಡುತ್ತಾರೆ. “ಹೊಲಿಗೆ ಕಣೇ! ಹೊಲಿಗೆ!”

ಆಮೇಲೆ ಮನೆಯೇ ಸಂತೆ. ಗಿರಾಕಿಗೆಂದು ಹೊಲಿದಿಟ್ಟ ಚರ್ಮದಂಗಿಯನ್ನು ಅಪ್ಪ ಆ ಸೆಕೆಯಲ್ಲಿ ತೊಟ್ಟು ನಿಂತಿದ್ದಾರೆ, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿದೆ. ಅಮ್ಮ ಒಂದು ಕೈಯಲ್ಲಿ ಬೀಸಣಿಗೆ ಬೀಸುತ್ತ, ಮಗಳ ಅಂಗೈಗೆ ಮರಗೆಣಸಿನ ಹಿಟ್ಟು ಉದುರಿಸುತ್ತಾರೆ. ಕಾಲರಿನ ಗೀರುಗಳು ಎದೆಪಟ್ಟಿಯ ಹೊಲಿಗೆಯಾಗುತ್ತಿವೆ. ಗೆರೆ ತುಂಡಾಗಿ ಹೊಲಿಗೆಯ ಒಂದೊಂದು ಟಾಕಾ ಆಗಬೇಕಾದ ಕಡೆ ಅವಳು ಚೂಪು ಪೆನ್ಸಿಲಿನಿಂದ ಗೀರನ್ನು ಅಲ್ಲಲ್ಲಿ ಮುಚ್ಚುತ್ತ ಹೋಗುತ್ತಾಳೆ.

“ಟಾಕಾ ಓರೆ ಬರಲಿ. ನೆಟ್ಟಗೆ ಹೊಲಿದ್ರೆ ಮುಳ್ಳು ಕಿತ್ಕೊಂಡು ಹೋಗುತ್ತೆ.”

“ಅಲ್ಲಾಡ್ಬೇಡಿ ಅಪ್ಪ. ಈ ಮೇಕೆ ಕಚ್ಚಿದ್ದಕ್ಕೆ ಏನು ಮಾಡ್ಲಿ?”

“ತೇಪೆ ಹಾಕು. ಅಲ್ಲಿ ತೇಪೆ ಇತ್ತು.”

“ನಿಜವಾಗ್ಲೂ?”

“ಆ ಅಂಗಿ ಹೊಲಿದವನು ನಾನು. ತೇಪೆ ಇಲ್ಲದ ಜಾಗ ಎಲ್ಲಿತ್ತು?”

ಸಂಜೆ ಕೊಳಲು, ಡೋಲು ಬೀದಿಯ ತುದಿಗೆ ಬಂದಿವೆ. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಅನಾನಸ್ ಸಿಪ್ಪೆಯ ಹುಳಿ ಪಾನಕ ಕೈಯಿಂದ ಕೈಗೆ ದಾಟುತ್ತಿದೆ. ಲಿಂಡಾಲ್ವ ಚಿತ್ರವನ್ನು ದೋನ ಕ್ವಿತೇರಿಯ ಕೈಗಿಡುತ್ತಾಳೆ, ಗೋಣಿಯ ಹೊದಿಕೆ ಜಾರುತ್ತದೆ. ಡೋಲಿನವನೂ ಕೈ ನಿಲ್ಲಿಸಿ ಕತ್ತು ಚಾಚುತ್ತಾನೆ.

ಮುದುಕಿ ಗಂಡನ ಮುಖವನ್ನು ನೋಡುತ್ತಾರೆ, ಆಮೇಲೆ ಅಂಗಿಯನ್ನು.

“ಬಂದ್ರಾ?” ಎಂದು ಗದರುತ್ತಾರೆ. “ಬೂಟು ಆಚೆ ಬಿಟ್ಟು ಬನ್ನಿ. ಈಗಷ್ಟೇ ನೆಲ ಒರೆಸಿದೀನಿ.”

ಚಿತ್ರವನ್ನು ತಾವೇ ಮೊಳೆಗೆ ಹಾಕುತ್ತಾರೆ. ಹೊರಗೆ ಪಟಾಕಿ ಹೊಡೆಯುತ್ತದೆ, ಒಳಗೆ ಕೂಗೋ ಕೂಗು. ಪ್ರಾರ್ಥನೆ ಹೇಳಿಸುವ ಹೆಂಗಸು ಮೂರು ಸಲ ಚಪ್ಪಾಳೆ ತಟ್ಟಿ ಜನರನ್ನು ಸುಮ್ಮನಾಗಿಸಬೇಕಾಗುತ್ತದೆ. ಪ್ರಾರ್ಥನೆಯ ನಡುವೆಯೇ ಪಕ್ಕದ ಮನೆಯ ವಿಧವೆ ಲಿಂಡಾಲ್ವಳ ತೋಳು ಜಗ್ಗುತ್ತಾರೆ. “ನಮ್ಮೋರ ಕೋಟು ಯಾವಾಗ ಬಿಚ್ಚಿಸ್ತೀಯ? ಅವರು ಡ್ರೈವರ್ರು.” ಅಪ್ಪ ಸಿಕ್ಕವರನ್ನೆಲ್ಲ ಗೋಡೆಯ ಹತ್ತಿರ ಎಳೆದೊಯ್ದು, “ಮುಖ ಅವಳದು, ಹೊಲಿಗೆ ನಂದು,” ಎನ್ನುತ್ತಿದ್ದಾರೆ.

ಇನ್ನೇನು ಆಸೆ ಎಂದು ಕೇಳಿದರೆ ಲಿಂಡಾಲ್ವ ಯೋಚಿಸುವುದಿಲ್ಲ. “ಬದುಕಿರೋರು ಒಬ್ಬರು ನನ್ನೆದುರು ಕೂತ್ಕೋಬೇಕು. ಕಿವಿ ಬಿಟ್ರೆ ಇಷ್ಟು ದಿನ ಬರೀ ಸತ್ತವರ ಫೋಟೊ. ಕೆಮ್ಮೋರು, ಬೈಯೋರು, ನೊಣ ಓಡಿಸೋರು ಬೇಕು.”

ಪಕ್ಕದಲ್ಲಿ ಪಾನಕ ಕುಡಿಯುತ್ತಿದ್ದ ಮೇಸ್ತ್ರಿ, “ನಾನಿನ್ನೂ ಬದುಕಿದೀನಿ,” ಎನ್ನುತ್ತಾರೆ. “ಬೆನೆದಿತು ಕೋಟು ಸಿಗುತ್ತಾ ನೋಡ್ಲಾ?”

“ಆ ಕೋಟು ತೊಟ್ಟು ಬಂದ್ರೆ ಬಾಗಿಲು ತೆಗೆಯಲ್ಲ ಮೇಸ್ತ್ರಿ. ನಿಮ್ಮ ಬಣ್ಣದ ಕಲೆ ಇರೋ ಅಂಗಿ ಹಾಕ್ಕೊಂಡು ಬನ್ನಿ. ಸೋಮವಾರ, ಬೆಳಿಗ್ಗೆ ಐದಕ್ಕೆ.”